ಮ್ಯಾರೋಬಿ ಬಂಗಲೆಯ ಸಾಸಿವೆ

ಆ ದಿನ ಮ್ಯಾರೋಬಿ ಬಂಗಲೆಯಲ್ಲಿ ನಡೆದ ಅನಾಹುತಕ್ಕೂ, ಅದರ ಬೆನ್ನಿಗೇ ಮೊಳಗಿದ ಜಯಭೇರಿಗೂ ಮೂಲ ಕಾರಣ ಒಂದು ಒಣಮೀನಿನ ಸ್ಯಾಂಡ್‌ವಿಚ್.

ಕ್ಲಾರೆನ್ಸ್ ಬೀಡಲ್‌ಗೆ ಮೀನು ಕಂಡರೆ ಆಗುತ್ತಿರಲಿಲ್ಲ. ಮೀನಿಗೆ ಮಾತ್ರ ಅವನನ್ನು ಕಂಡರೆ ಎಲ್ಲಿಲ್ಲದ ಪ್ರೀತಿ. ಅವನ ಮಾವನದು ಗ್ರಿಮ್ಸ್‌ಬಿ ಬಂದರಿನಲ್ಲಿ ದೊಡ್ಡ ಮೀನಂಗಡಿ. ಅಲ್ಲಿಂದ ವಾರಕ್ಕೊಂದು ಪೊಟ್ಟಣ ಒಣಮೀನು ತಪ್ಪದೆ ಬರುತ್ತಿತ್ತು. ಸಿಕ್ಕಾಗಲೆಲ್ಲ ಮಾವ, "ಹಾಡಿದ್ದು ಸಾಕು ಅಳಿಯಂದ್ರೇ, ಅಂಗಡೀಲಿ ನಿಮಗೇಂತ ಒಂದು ಏಪ್ರನ್ ತೂಗುಹಾಕಿದ್ದೀನಿ" ಎನ್ನುತ್ತಿದ್ದ. ಬೀಡಲ್‌ನ ಹೆಂಡತಿ ಹೆಟ್ಟಿ ಏಳು ವರ್ಷ ಗಂಡನ ಪರ ವಹಿಸಿ ಅಪ್ಪನೊಡನೆ ಜಗಳವಾಡಿದ್ದಳು. ಈ ಬೇಸಗೆಗೆ ಅವಳೂ ಸೋತಿದ್ದಳು. "ಈ ವರ್ಷದ ಆಟ ಮುಗಿಯೋದರೊಳಗೆ ನಿಂಗೆ ಒಂದಾದ್ರೂ ಪಾತ್ರ ಸಿಗದೇ ಹೋದ್ರೆ ಗ್ರಿಮ್ಸ್‌ಬಿಗೆ ಹೊರಡೋಣ ಕಣೋ" ಎಂದುಬಿಟ್ಟಿದ್ದಳು. ಅವನೂ ಒಪ್ಪಿದ್ದ. ಈ ವರ್ಷದ ಕೊನೆಯ ಆಟ ಇವತ್ತೇ.

ಮ್ಯಾರೋಬಿಯ ರಂಗಮಂದಿರದಲ್ಲಿ ಬೀಡಲ್‌ನ ಕೆಲಸ ಆಳಿನ ವೇಷದಲ್ಲಿ ಟ್ರೇ ಹಿಡಿಯುವುದು. ಆಟದ ಮೊದಲರ್ಧ ಪೂರ್ತಿ ಅವನು ಕೆಂಪು ಕೋಟು, ಬಿಳಿ ಕಾಲುಚೀಲ, ಪೌಡರ್ ಮೆತ್ತಿದ ಟೋಪನ್ ಹಾಕಿಕೊಂಡು ಆಟದ ನಾಯಕನಾದ ಕೌಂಟ್ ಎಂಬ ದೊರೆಯ ಹಿಂದೆ ಕಂಬದಂತೆ ನಿಲ್ಲುತ್ತಿದ್ದ. ಮೇಳದವರ ಜೊತೆ ನಾಲ್ಕು ಸಾಲು ಹಾಡಿ ಬಾಯಿ ಮುಚ್ಚುತ್ತಿದ್ದ. ಕೌಂಟ್ ಪಾತ್ರಧಾರಿಗೆ ಹುಷಾರು ತಪ್ಪಿದರೆ ಬದಲಿಗೆ ಹಾಡುವವನೂ ಅವನೇ. ಆದ್ದರಿಂದ ಇಡೀ ಪಾತ್ರ ಅವನಿಗೆ ನಿದ್ದೆಯಲ್ಲೂ ಬಾಯಿಗೆ ಬರುತ್ತಿತ್ತು. ಆದರೆ ಏಳು ವರ್ಷದಲ್ಲಿ ಒಬ್ಬ ಕೌಂಟ್‌ಗಾದರೂ ಒಂದು ನೆಗಡಿ ಬರಬೇಡವೇ? ಈ ಸಲದ ಕೌಂಟ್, ಇಟಲಿಯ ಸಿನ್ಯೋರ್ ಕೊರಾಲ್ಲೊ, ಗೂಳಿಯ ಹಾಗಿದ್ದ.

ಇನ್ನು ಬಂಗಲೆಯ ಚರಿತ್ರೆ. ಅದನ್ನು ಕೇಳದೆ ಆ ಊರಿನಿಂದ ಹೊರಬಿದ್ದವರು ಯಾರೂ ಇಲ್ಲ. ಸರ್ ಎವರಾರ್ಡ್ ಎಂಬ ಬಿಯರ್ ಸಾಹುಕಾರನಿಗೆ ಒಪೆರಾ ಎಂಬ ಹಾಡಿನ ನಾಟಕವೆಂದರೆ ಪ್ರಾಣ. ಆದರೆ ಲಂಡನ್ನಿನಲ್ಲಿ ಆಟ ನೋಡಲು ಹೋದರೆ, ಕಡೆಯ ಅಂಕಕ್ಕೆ ಮೊದಲೇ ಅವನೂರಿನ ರೈಲು ಹೊರಟುಬಿಡುತ್ತಿತ್ತು. ಕೊನೆಗೆ ಯಾರು ಸತ್ತರು, ಯಾರು ಮದುವೆಯಾದರು ಎಂದು ಎಂದಿಗೂ ಗೊತ್ತಾಗದೆ ರೋಸಿಹೋದ ಆತ, ತನ್ನ ಕುದುರೆ ಲಾಯವನ್ನೇ ಕೆಡವಿ ಮುನ್ನೂರು ಜನ ಕೂರುವ ರಂಗಮಂದಿರ ಕಟ್ಟಿಸಿದ. ಖರ್ಚಿನಲ್ಲಿ ಕೈ ಬಿಗಿ. ಮನೆಯಾಳುಗಳ ಹಳೆಯ ಕೆಂಪು ಕೋಟುಗಳನ್ನೇ ನಾಟಕದ ಪೆಟ್ಟಿಗೆಗೆ ಸೇರಿಸಿದ. ಮೊದಲ ಆಟದ ದಿನ ಮುಖ್ಯ ಗಾಯಕನ ರೈಲು ದಾರಿಯಲ್ಲೇ ಕೆಟ್ಟು ನಿಂತಿತು. ಆಗ ಕೆಂಪು ಕೋಟಿನ ಒಬ್ಬ ಆಳು ಕೈಯಲ್ಲಿದ್ದ ಟ್ರೇ ಕೆಳಗಿಟ್ಟು ಮುಂದೆ ಬಂದು ಇಡೀ ಪಾತ್ರ ಹಾಡಿದನಂತೆ! ಮುನ್ನೂರು ಜನ ಎದ್ದು ನಿಂತು ಅತ್ತರಂತೆ. ಆ ಆಳೇ ಟ್ರಾಂಟರ್. ಈಗಲೂ ಇದ್ದಾನೆ, ತಲೆ ನರೆತ ಮುಖ್ಯ ಪರಿಚಾರಕ. ಬಾಗಿಲಲ್ಲೇ ಅವನ ದೊಡ್ಡ ಚಿತ್ರ, ಟ್ರೇ ಸಮೇತ. ಅದನ್ನು ನೋಡಲೆಂದೇ ಜನ ಬರುತ್ತಾರೆ. "ಟ್ರಾಂಟರ್, ಒಂದು ಸಾಲು ಹಾಡಪ್ಪಾ" ಎಂದು ಪ್ರತಿ ವರ್ಷ ಪೀಡಿಸುತ್ತಾರೆ. ಅವನು ತಲೆ ಬಾಗಿಸಿ, "ಇನ್ನೊಂದು ಚೂರು ಮೀನು ಬಡಿಸಲೇ?" ಎಂದು ಮುಂದೆ ಹೋಗುತ್ತಾನೆ.

ಆ ಸಂಜೆ ಮೊದಲರ್ಧ ಮುಗಿದು ಊಟದ ವಿರಾಮ ಬಂತು. ಮ್ಯಾರೋಬಿಯಲ್ಲಿ ವಿರಾಮವೆಂದರೆ ಒಂದೂವರೆ ಗಂಟೆ. ಗಂಡಸರು ಕರಿ ಸೂಟು, ಹೆಂಗಸರು ನೆಲಗುಡಿಸುವ ರೇಷ್ಮೆ ಗೌನು ತೊಟ್ಟು ಹುಲ್ಲಿನ ಮೇಲೆ ಕಂಬಳಿ ಹಾಸಿ, ಬುಟ್ಟಿ ಬಿಚ್ಚಿ ಊಟಕ್ಕೆ ಕೂರುತ್ತಾರೆ. ನಾಟಕದವರು ಆ ಕಡೆ ಸುಳಿಯುವಂತಿಲ್ಲ. ಬೀಡಲ್ ಹಿಂಬದಿಯ ಗೋಡೆಯ ಮೇಲೆ ಕೂತು ಹೆಟ್ಟಿ ಕಟ್ಟಿಕೊಟ್ಟ ಸ್ಯಾಂಡ್‌ವಿಚ್ ಬಿಚ್ಚಿದ. ಮತ್ತೆ ಒಣಮೀನು. ಮೂಗು ಮುಚ್ಚಿಕೊಂಡು ಬಾಯಿ ತೆರೆದ. ಅಷ್ಟರಲ್ಲಿ ಜೋಲು ಕಿವಿಯ ನಾಯಿಯೊಂದು ಎಲ್ಲಿಂದಲೋ ಬಂದು ಸ್ಯಾಂಡ್‌ವಿಚ್ ಕಚ್ಚಿಕೊಂಡು ಓಟ ಕಿತ್ತಿತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಸಿದ ಹೊಟ್ಟೆಯಲ್ಲಿ ಬೀಡಲ್‌ಗೆ ನಿಯಮವೂ ಮರೆತುಹೋಯಿತು. ನಾಯಿಯ ಹಿಂದೆ ಹುಲ್ಲುಹಾಸಿಗೆ ಓಡಿದ. ನಾಯಿ ಒಬ್ಬ ದಪ್ಪ ಹೆಂಗಸಿನ ಗೌನಿನ ಹಿಂದೆ ಅಡಗಿತು. ಆಕೆ ಲೇಡಿ ಹನೋರಿಯಾ, ಸುತ್ತಲಿನ ಏಳು ಹಳ್ಳಿಯೂ ಹೆದರುವ ಹೆಂಗಸು. ಪಕ್ಕದಲ್ಲಿ ಕಾಲು ಚಾಚಿ ಕೂತಿದ್ದವನನ್ನು ನೋಡಿ ಬೀಡಲ್ ಅಲ್ಲೇ ನಿಂತುಬಿಟ್ಟ. ಅದು ಮಾರ್ಡಂಟ್! ಲಂಡನ್ನಿನ ದೊಡ್ಡ ರಂಗಮಂದಿರಕ್ಕೆ ಹಾಡುಗಾರರನ್ನು ಆರಿಸುವ ಮನುಷ್ಯ.

"ಅಂತೂ ಬಂದ್ಯಲ್ಲಪ್ಪಾ!" ಎಂದಳು ಲೇಡಿ, ಕೆಂಪು ಕೋಟು ಕಂಡೊಡನೆ. "ಎಷ್ಟು ಹೊತ್ತಿಂದ ಕಾಯ್ತಿದ್ದೀನಿ. ಸಾಸಿವೆ ಎಲ್ಲಿ?"

ಬೀಡಲ್ ಹುಟ್ಟಾ ಇಂಗ್ಲಿಷರವನು. 'ನಾನು ಆಳಲ್ಲ' ಎಂದು ಹಿರಿಯ ಹೆಂಗಸಿನ ಮುಖಭಂಗ ಮಾಡುವುದಕ್ಕಿಂತ ಸಾಸಿವೆ ತಂದುಕೊಡುವುದು ಮೇಲು ಎಂದು ಅವನ ರಕ್ತವೇ ಹೇಳಿತು. "ಈಗ ತಂದೆ ಅಮ್ಮಾವ್ರೇ" ಎಂದುಬಿಟ್ಟ.

ಬಡಿಸುವ ಡೇರೆಯಲ್ಲಿ ಟ್ರಾಂಟರ್ ನಿಂತಿದ್ದ. ಬೀಡಲ್‌ನನ್ನು ಮೇಲಿಂದ ಕೆಳಗೆ ನೋಡಿದ. ಬಯ್ಯುತ್ತಾನೆ ಎಂದುಕೊಂಡರೆ, ಸುಮ್ಮನೆ ಸಾಸಿವೆ ಕುಡಿಕೆಯನ್ನು ಕೈಗಿಟ್ಟ. "ಮೊದಲನೇ ಸಲ ಕಷ್ಟ ಕಣಯ್ಯಾ" ಎಂದ.

ಸಾಸಿವೆ ತಂದದ್ದಾಯಿತು. ಆಮೇಲೆ ಮೀನು ಬಡಿಸುವುದು ಬಂತು. ಅಂಗೈಯಗಲದ ಸಾಲ್ಮನ್ ತುಂಡುಗಳು, ಅವುಗಳ ಮೇಲೆ ಸೌತೆಕಾಯಿ ಬಿಲ್ಲೆ. ಮೂರು ಸಲ ಬಡಿಸಿದ ಮೇಲೆ ಬೀಡಲ್ ಧೈರ್ಯ ಮಾಡಿದ. "ಸ್ವಾಮಿ, ನಾನೂ ಸ್ವಲ್ಪ ಹಾಡ್ತೀನಿ" ಎಂದ ಮಾರ್ಡಂಟ್‌ಗೆ.

"ಭೇಷ್. ಹಾಡ್ತಾ ಹಾಡ್ತಾ ಆ ಬಾಟ್ಲಿ ಬಿರಡೆ ತೆಗಿ" ಎಂದ ಮಾರ್ಡಂಟ್.

ಲೇಡಿ ಕಣ್ಣು ಕೆಂಪಗೆ ಮಾಡಿದಳು. "ದೊಡ್ಡೋರು ಊಟಕ್ಕೆ ಕೂತಾಗ ಆಳುಗಳು ಮಧ್ಯೆ ಬಾಯಿ ಹಾಕಬಾರದು. ಕೇಳಿದ್ರೆ ಮಾತಾಡು, ಇಲ್ಲದಿದ್ರೆ ಸುಮ್ಮನಿರು. ತಿಳೀತಾ?"

"ತಿಳೀತು ಅಮ್ಮಾವ್ರೇ."

ಅಷ್ಟರಲ್ಲಿ ಮಳೆ ಹನಿಯತೊಡಗಿತು. ಹುಲ್ಲುಹಾಸಿನ ಮೇಲಿದ್ದ ಯಾರೊಬ್ಬರೂ ಏಳಲಿಲ್ಲ. ಮಳೆಗೆ ಹೆದರಿ ಎದ್ದರೆ ಮಾನ ಉಳಿದೀತೇ? "ಒಳ್ಳೇ ಹವೆ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡು, ನೀರು ಬೆರೆತ ವೈನ್ ಕುಡಿದರು. ಬೀಡಲ್ ಕೈಗೆ ಕೊಡೆ ಬಂತು. ಒಂದು ಕೈಯಲ್ಲಿ ಲೇಡಿಯ ಮೇಲೆ ಕೊಡೆ, ಇನ್ನೊಂದರಲ್ಲಿ ಮೀನಿನ ತಟ್ಟೆ, ಕೋಟಿನ ಜೇಬಿನಲ್ಲಿ ಸಾಸಿವೆ ಕುಡಿಕೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾಯಿತು ಅವನ ಸ್ಥಿತಿ.

ಆಗ ಕೌಂಟ್ ವೇಷದಲ್ಲೇ ಬಂದ ಸಿನ್ಯೋರ್ ಕೊರಾಲ್ಲೊ. ಅವನನ್ನು ತಡೆಯುವವರು ಯಾರು? ಬಂದವನೇ ಲೇಡಿಯ ಕೈಗೆ ಮುತ್ತಿಟ್ಟು, ಟೋಪಿ ತೆಗೆದು ಬಗ್ಗಿ ನಮಿಸುತ್ತ ಒಂದೊಂದೇ ಹೆಜ್ಜೆ ಹಿಂದೆ ಸರಿಯತೊಡಗಿದ. ಅವನ ಬೆನ್ನಿನ ಹಿಂದೆ ಕಂದಕ ಇತ್ತು. ಕುರಿಗಳು ಮನೆಯಂಗಳಕ್ಕೆ ಬಾರದಂತೆ ಹುಲ್ಲುಹಾಸಿನ ಅಂಚಿನಲ್ಲಿ ತೋಡಿದ್ದು. ಈಚೆಯಿಂದ ನೋಡಿದರೆ ಕಾಣುವುದೇ ಇಲ್ಲ, ಹುಲ್ಲು ಒಂದೇ ಸಮ ಹರಡಿದಂತಿರುತ್ತದೆ. ಬೀಡಲ್‌ಗೆ ಅದು ಗೊತ್ತು. ಬಾಯಿಯವರೆಗೂ ಕೂಗು ಬಂತು. ಆದರೆ ಕೇಳದೆ ಮಾತಾಡುವಂತಿಲ್ಲವಲ್ಲ!

"ಕ್ಷಮಿಸಬೇಕು ಸ್ವಾಮಿ" ಎಂದ, ಮೆಲ್ಲಗೆ.

ಕೊರಾಲ್ಲೊ ಇನ್ನೊಂದು ನಮಸ್ಕಾರ ಮಾಡಿದ, ಇನ್ನೊಂದು ಹೆಜ್ಜೆ ಹಿಂದಿಟ್ಟ.

"ತಮಗೆ ತೊಂದರೆ ಕೊಡ್ತಿದ್ದೀನಿ ಅಂತ ತಿಳೀಬಾರ್ದು ಸ್ವಾಮಿ, ತಮ್ಮ ಹಿಂದೆ..."

ಕೌಂಟ್ ಮಾಯವಾದ. ಟೋಪಿ ಮಾತ್ರ ಹುಲ್ಲಿನ ಮೇಲೆ ಉಳಿಯಿತು. ಕಂದಕದ ತಳದಲ್ಲಿ ಮಳೆಯಿಂದ ತಪ್ಪಿಸಿಕೊಂಡು ಮಲಗಿದ್ದ ಟಗರಿಗೆ ಈ ಅತಿಥಿ ಹಿಡಿಸಲಿಲ್ಲ. ಅದು ಅವನನ್ನು ಕಂದಕದ ಉದ್ದಕ್ಕೂ ಅಟ್ಟಿಸಿಕೊಂಡು ಹೋಯಿತು. ಕೊರಾಲ್ಲೊ ಮೇರಿಮಾತೆಯನ್ನು ಕೂಗಿದ, ಅವ್ವನನ್ನು ಕೂಗಿದ, ತನಗೆ ಗೊತ್ತಿದ್ದ ಎಲ್ಲ ಸಂತರನ್ನೂ ಕೂಗಿದ. ಮೇಲೆತ್ತುವ ಹೊತ್ತಿಗೆ ಅವನ ಗಂಟಲಿನಿಂದ ಹಳೇ ಗೇಟಿನ ಕಿರುಗುಟ್ಟುವಿಕೆಯ ಹೊರತು ಏನೂ ಬರುತ್ತಿರಲಿಲ್ಲ.

ಸರ್ ಎವರಾರ್ಡ್‌ನ ಮಗಳು, ಈಗಿನ ಒಡತಿ ಮಿಸ್ ಆಗಸ್ಟಾ, ಮಳೆಯಲ್ಲಿ ಓಡೋಡಿ ಬಂದಳು. "ಬೀಡಲ್! ಬೀಡಲ್ ಎಲ್ಲಿ ಸತ್ತ? ಬದಲಿ ಹಾಡೋನು!" ಅವನ ಮುಂದೆಯೇ ಎರಡು ಸಲ ಹಾದುಹೋದಳು. ಕೊಡೆ ಹಿಡಿದವನ ಮುಖ ಯಾರು ನೋಡುತ್ತಾರೆ?

ಬೀಡಲ್ ಲೇಡಿಯನ್ನು ನೋಡಿದ. ಗ್ರಿಮ್ಸ್‌ಬಿಯಲ್ಲಿ ತೂಗುತ್ತಿರುವ ಏಪ್ರನ್ ಕಣ್ಣ ಮುಂದೆ ಬಂತು. ಹೆಟ್ಟಿಯ ಸೋತ ಮುಖ ಬಂತು. ಜೀವಮಾನದಲ್ಲಿ ಮೊದಲ ಬಾರಿಗೆ ಅವನು ಒಂದು ಅವಮರ್ಯಾದೆ ಮಾಡಿದ. "ಹಿಡ್ಕೊಳ್ಳಿ ಸ್ವಾಮಿ" ಎಂದು ಕೊಡೆಯನ್ನು ಮಾರ್ಡಂಟ್ ಕೈಗೆ ತುರುಕಿ, ಮೀನಿನ ತಟ್ಟೆಯನ್ನು ನಾಯಿಯ ಮುಂದಿಟ್ಟು, ಕಾಲಿಗೆ ಬುದ್ಧಿ ಹೇಳಿದ.

ಎರಡನೇ ಅರ್ಧದಲ್ಲಿ ಕೌಂಟ್ ತನ್ನ ಪ್ರೇಯಸಿಯ ಮನಸ್ಸು ತಿಳಿಯಲು ಆಳಿನ ವೇಷ ಹಾಕಿಕೊಂಡು ಬರಬೇಕು. ಆದ್ದರಿಂದ ಬೀಡಲ್‌ಗೆ ಬಟ್ಟೆ ಬದಲಿಸುವ ಗೋಜೇ ಇರಲಿಲ್ಲ. ನೆನೆದ ಕೆಂಪು ಕೋಟು, ತೋಳಿನ ಮೇಲೆ ಸಾಸಿವೆ ಕಲೆ, ವಾಲಿದ ಟೋಪನ್. ಹಾಗೇ ದೀಪಗಳ ಬೆಳಕಿಗೆ ಬಂದು ನಿಂತ. ವಾದ್ಯದವರು ಶುರುಮಾಡಿದರು. ಬೀಡಲ್ ಬಾಯಿ ತೆರೆದ.

ಏಳು ವರ್ಷ ಕೂಡಿಟ್ಟ ಹಾಡು ಅದು. ಕಟ್ಟೆ ಒಡೆದ ಕೆರೆಯ ಹಾಗೆ ಹೊರಬಂತು. 'ನಾನು ಬಡವ, ನನ್ನ ಕೈಯಲ್ಲಿರೋದು ಖಾಲಿ ತಟ್ಟೆ, ನನ್ನನ್ನು ಪ್ರೀತಿಸುತ್ತೀಯಾ?' ಎಂದು ಕೌಂಟ್ ಕೇಳುವ ಜಾಗದಲ್ಲಿ ಕೊರಾಲ್ಲೊ ಎದೆ ತಟ್ಟಿಕೊಂಡು ಅಬ್ಬರಿಸುತ್ತಿದ್ದ. ಬೀಡಲ್ ಸುಮ್ಮನೆ ಕೇಳಿದ. ಖಾಲಿ ತಟ್ಟೆ ಏನೆಂದು ನಿಜವಾಗಿ ಗೊತ್ತಿದ್ದವನು ಕೇಳುವ ಹಾಗೆ ಕೇಳಿದ. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಸೀಟಿದರು. ಕೊನೆಯ ಸ್ವರ ಮಾಳಿಗೆಯ ಮರದ ತೊಲೆಗಳಲ್ಲಿ ಗುಂಯ್‌ಗುಟ್ಟಿ ನಿಂತಾಗ ಬೀಡಲ್‌ಗೆ ಹೊಟ್ಟೆಯ ಹಸಿವೂ ನೆನಪಿರಲಿಲ್ಲ. ಇಷ್ಟು ಸಂತೋಷ ಅವನು ಹುಟ್ಟಿದ ಮೇಲೆ ಕಂಡಿರಲಿಲ್ಲ.

ಆ ಮೌನದಲ್ಲಿ ಲೇಡಿ ಹನೋರಿಯಾಳ ದನಿ ಗಂಟೆ ಹೊಡೆದಂತೆ ಕೇಳಿಸಿತು. "ಅಯ್ಯಯ್ಯೋ! ಇವನು ನಮ್ಮ ಸಾಸಿವೆಯವನು!"

"ಏನು? ಆಳೇ?"

"ಆಳೇ! ನಂಗೆ ಮೀನು ಬಡಿಸಿದ ಕೈ ಅದು!"

"ಇನ್ನೊಬ್ಬ ಟ್ರಾಂಟರ್!" ಎಂದು ಯಾರೋ ಕಿರುಚಿದರು. ಮುನ್ನೂರು ಜನ ಒಮ್ಮೆಲೇ ಎದ್ದರು. ಕೈಚಪ್ಪಾಳೆ, ಶಿಳ್ಳೆ, ಹೂವು, ಒದ್ದೆ ಟೋಪಿಗಳು. ವಾದ್ಯದವರು ಕೂಡ ಕಮಾನಿನಿಂದ ಪಿಟೀಲು ಬಡಿದರು. ಬೀಡಲ್ ಅತ್ತುಬಿಟ್ಟ. ಗೆದ್ದೆ ಹೆಟ್ಟಿ, ಗೆದ್ದೆ ಎಂದು ಮನಸ್ಸಿನಲ್ಲೇ ಕೂಗಿದ.

ಆಟ ಮುಗಿದದ್ದೇ ತಡ, ಮಾರ್ಡಂಟ್ ವೇದಿಕೆಗೇ ಹತ್ತಿ ಬಂದು ಅವನ ಕೈ ಕುಲುಕಿದ. "ಪಾಠವಿಲ್ಲ, ಗುರುವಿಲ್ಲ, ಎಂಥಾ ಕಂಠ!"

"ಸ್ವಾಮಿ, ನಾನು ಮ್ಯಾಂಚೆಸ್ಟರಲ್ಲಿ ಐದು ವರ್ಷ ಕಲಿತಿದ್ದೀನಿ. ಹಾಡೋದೇ ನನ್ನ ಕಸುಬು."

ಸುತ್ತ ನಿಂತವರು ಬಿದ್ದು ಬಿದ್ದು ನಕ್ಕರು. "ಅವತ್ತು ಟ್ರಾಂಟರೂ ಹೀಗೇ ಅಂದಿದ್ದ!" ಎಂದ ಒಬ್ಬ ಮುದುಕ, ಕಣ್ಣೊರೆಸಿಕೊಳ್ಳುತ್ತ.

"ಲಂಡನ್ನಿಗೆ ಕರ್ಕೊಂಡ್ಹೋಗ್ರಿ ಇವನನ್ನ" ಎಂದಳು ಲೇಡಿ.

"ಛೆ ಛೆ" ಎಂದ ಮಾರ್ಡಂಟ್. "ಕಾಡುಹೂವನ್ನ ಕಿತ್ತು ಕುಂಡದಲ್ಲಿ ನೆಡೋದೇ? ಪಾಪ ಬರುತ್ತೆ. ಇವನ ಚೆಂದ ಇರೋದೇ ಇಲ್ಲಿ, ಆ ಟ್ರೇ ಜೊತೆ."

ಬೀಡಲ್ ಕಂಗಾಲಾಗಿ ಮಿಸ್ ಆಗಸ್ಟಾ ಕಡೆ ತಿರುಗಿದ. "ಅಮ್ಮಾವ್ರೇ, ನೀವಾದ್ರೂ ಹೇಳಿ, ನಾನು ಯಾರು ಅಂತ!"

ಮಿಸ್ ಆಗಸ್ಟಾ ಜನರನ್ನು ನೋಡಿದಳು. ಆಗಲೇ ಮುಂದಿನ ವರ್ಷದ ಟಿಕೆಟ್ಟಿಗೆ ಮುಗಿಬೀಳುತ್ತಿದ್ದರು. ಆಕೆಯ ಕಣ್ಣು ಹೊಳೆಯಿತು. "ಮಹಾಜನರೇ" ಎಂದಳು, "ಈ ಮನೆಯ ಚರಿತ್ರೆ ಮತ್ತೆ ಮರುಕಳಿಸಿದೆ! ಬೀಡಲ್ ಇನ್ನು ಮೇಲೆ ಈ ಬಂಗಲೆಯ ಖಾಯಂ ಪರಿಚಾರಕ. ಇರೋಕೆ ತೋಟದ ಮನೆ, ಬಾಗಿಲಲ್ಲಿ ಚಿತ್ರ!" ಬೀಡಲ್ ಕಿವಿಯಲ್ಲಿ ಪಿಸುಗುಟ್ಟಿದಳು: "ಹಾಡೋ ಮಾತು ಮಾತ್ರ ಎತ್ತಬೇಡಪ್ಪಾ. ಒಂದ್ಸಲ ಹಾಡಿದ್ರೆ ಚರಿತ್ರೆ. ಎರಡನೇ ಸಲ ಹಾಡಿದ್ರೆ ಬರೀ ಹಾಡುಗಾರ."

ಬಡಿಸುವ ಡೇರೆಯಲ್ಲಿ ಟ್ರಾಂಟರ್ ಟ್ರೇ ಒರೆಸುತ್ತಿದ್ದ. ಬೀಡಲ್ ಬಂದು ಎದುರಿಗೆ ಕುಸಿದು ಕೂತ.

"ನಾನು ಕಲಿತದ್ದು ಲೀಡ್ಸ್‌ನಲ್ಲಿ" ಎಂದ ಟ್ರಾಂಟರ್. "ಆರು ವರ್ಷ. ಇಲ್ಲಿಗೆ ಬಂದದ್ದು ಮೇಳದಲ್ಲಿ ಹಾಡೋಕೆ. ಮೊದಲನೇ ಆಟದ ದಿನ ಇದೇ ಕೆಂಪು ಕೋಟು ಹಾಕ್ಕೊಂಡು ಗಾಳಿಗೆ ಅಂತ ಹೊರಗೆ ಬಂದೆ."

ಬೀಡಲ್ ತಲೆ ಎತ್ತಿದ. "ನಿಮ್ಮನ್ನೂ ಸಾಸಿವೆ ಕೇಳಿದ್ರಾ?"

"ಉಪ್ಪು" ಎಂದ ಟ್ರಾಂಟರ್. "ಲೋಕದಲ್ಲಿ ಉಪ್ಪು ತಿಂದೋನು ಋಣಿ ಅಂತಾರೆ. ಈ ಮನೇಲಿ ಮಾತ್ರ ಉಪ್ಪು ಕೊಟ್ಟೋನೇ ಋಣಿ."

"ಬೇಜಾರಾಗಲ್ವಾ ಯಜಮಾನ್ರೇ?"

ಮುದುಕ ಟ್ರೇಯನ್ನು ಬೆಳಕಿಗೆ ಹಿಡಿದು ನೋಡಿದ. "ಆಗುತ್ತೆ. ಆದ್ರೆ ಅವತ್ತು ಮುನ್ನೂರು ಜನ ಎದ್ದು ನಿಂತಿದ್ರಲ್ಲ, ಅದು ಸುಳ್ಳಲ್ಲವಲ್ಲ. ನಿನಗೂ ಇವತ್ತು ನಿಂತ್ರು. ಅದನ್ನ ಯಾರೂ ಕಿತ್ಕೊಳಕಾಗಲ್ಲ." ಆ ಟ್ರೇಯ ಮೇಲೆ ಇಡೀ ಸಾಲ್ಮನ್ ಒಂದನ್ನು ಇಟ್ಟು, ಬೀಡಲ್‌ನ ಕೈಗೆ ದಾಟಿಸಿದ. "ಏಳು. ಗೆಲುವಿನ ಖುಷಿಗೆ ಅವರಿಗೆಲ್ಲ ಮತ್ತೆ ಹಸಿವಾಗಿದೆ."

ಮೀನು ಒಂದೇ ಕಣ್ಣಿನಿಂದ ಬೀಡಲ್‌ನನ್ನು ಪ್ರೀತಿಯಿಂದ ನೋಡಿತು. ಗ್ರಿಮ್ಸ್‌ಬಿಗೆ ಹೋಗದೆಯೂ ಮೀನಿನ ಋಣ ತಪ್ಪಲಿಲ್ಲ. ಆದರೂ ಅವನು ಎದೆ ಸೆಟೆಸಿ ಹೊರಟ. ಹುಲ್ಲುಹಾಸಿನ ಮೇಲೆ ಅವನು ಕಾಣಿಸಿದ್ದೇ ಮತ್ತೆ ಚಪ್ಪಾಳೆಯ ಸುರಿಮಳೆ. ದೊರೆಯಂತೆ ಅದರ ನಡುವೆ ನಡೆದು ಹೋಗಿ ಲೇಡಿ ಹನೋರಿಯಾಳ ಮುಂದೆ ಬಾಗಿದ.

"ಬಾರಪ್ಪಾ ಬಾ" ಎಂದಳು ಲೇಡಿ, ಕಣ್ಣಲ್ಲಿ ನೀರು ತುಂಬಿಕೊಂಡು. "ಏನು ಹಾಡಿದ್ಯೋ ಮಾರಾಯಾ, ದೇವರಂಥ ಹಾಡು! ಎಲ್ಲಿ, ಸಾಸಿವೆ ಮರೆತ್ಯಾ?"

ಬೀಡಲ್ ಕೋಟಿನ ಜೇಬಿಗೆ ಕೈ ಹಾಕಿದ. ಹಾಡಿದಷ್ಟು ಹೊತ್ತೂ ಕುಡಿಕೆ ಅಲ್ಲೇ ಇತ್ತು.