ಗೋಧಿಯ ಮೇಲೆ ನಮ್ಮ ಮಾವನ ಯುದ್ಧ

ಮೂಡಿಗೆರೆ ಸೀಮೆಯಲ್ಲಿ ಗೋಧಿ ಬೆಳೆಯುವುದಿಲ್ಲ. ಅದಕ್ಕೆ ಮಳೆ ಕಾರಣವೆಂದು ನೀವು ತಿಳಿದಿದ್ದರೆ, ನಮ್ಮ ಸೋದರಮಾವನನ್ನು ನೀವು ಕಂಡಿಲ್ಲ!

ಮಾವ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕಪತ್ರ ಬರೆಯುವ ರೈಟರ್. ಸಕ್ಕರೆ ಕಾಯಿಲೆ ಬಂದಾಗ ಊರಿನ ಎಲ್ಲರಂತೆ ಅವರೂ ರಾತ್ರಿ ಅನ್ನ ಬಿಟ್ಟು ಚಪಾತಿ ಹಿಡಿದರು. ಸಕ್ಕರೆ ಹತೋಟಿಗೆ ಬಂತು, ಮಾವ ಕರಗತೊಡಗಿದರು. ಹೊಟ್ಟೆಯುಬ್ಬರ, ಬಾಯಿಹುಣ್ಣು, ರಕ್ತಹೀನತೆ. ಕೊನೆಗೆ ಚಿಕ್ಕಮಗಳೂರಿನ ಡಾಕ್ಟರೊಬ್ಬರು ಪರೀಕ್ಷೆ ಮಾಡಿಸಿ, ಗೋಧಿಯಲ್ಲಿರುವ ಗ್ಲುಟೆನ್ ಇವರ ಕರುಳಿಗೆ ಆಗದು ಎಂದರು. ಇಂಥವರಲ್ಲಿ ಕೆಲವರಿಗೆ ಥೈರಾಯ್ಡ್ ತೊಂದರೆ, ಮೂಳೆ ಸವೆತ, ಬಸುರು ನಿಲ್ಲದಿರುವುದು ಇವೂ ಜೊತೆಗಿರಬಹುದು ಎಂದರು. 'ಕೆಲವರಿಗೆ', 'ಇರಬಹುದು' ಎಂಬುದನ್ನು ಮಾವ ಆಸ್ಪತ್ರೆಯಲ್ಲೇ ಬಿಟ್ಟು ಬಂದರು.

ಅಂದಿನಿಂದ ಊರಿನ ಸಕಲ ಕಾಯಿಲೆಗಳಿಗೂ ಕಾರಣ ಸಿಕ್ಕಿತು. ಮೇಸ್ತ್ರಿಗೆ ಮಂಡಿನೋವೇ? ಪರೋಟ. ಸಾಹುಕಾರರಿಗೆ ಮರೆವೇ? ಬೆಳಗಿನ ಬ್ರೆಡ್ಡು. ಒಂದು ಮದುವೆಮನೆಯಲ್ಲಂತೂ ಅಡಿಗೆಭಟ್ಟರನ್ನೇ ತಡೆದರು.

"ಸಾರಿಗೆ ಹಾಕಿದ ಇಂಗಿನ ಡಬ್ಬಿ ತೋರ್ಸಿ ಭಟ್ರೆ. ಅದ್ರಲ್ಲೂ ಗೋಧಿಹಿಟ್ಟು ಬೆರೆಸಿರ್ತಾರೆ."

ಭಟ್ಟರು ಸೌಟು ಕೆಳಗಿಟ್ಟರು. "ರೈಟರೇ, ನಿಮಗೆ ಬರೀ ಮೊಸರನ್ನ ಬಡಿಸ್ತೀನಿ. ಅಕ್ಕಿ ಮೇಲೂ ಎಂತಾದ್ರೂ ತಕರಾರಿದ್ರೆ ಈಗ್ಲೇ ಹೇಳ್ಬಿಡಿ!"

ಡಬ್ಬಿ ನೋಡಿದರೆ ಮಾವ ಹೇಳಿದಂತೆಯೇ ಇತ್ತು. ಆಮೇಲೆ ಅವರನ್ನು ಹಿಡಿಯುವವರುಂಟೇ?

ಮುಂದಿನ ಸರದಿ ನನ್ನದು. ನನಗೆ ಥೈರಾಯ್ಡ್ ಇತ್ತು. ಕಬ್ಬಿಣದ ಮಾತ್ರೆ ಎಷ್ಟು ನುಂಗಿದರೂ ಮೈಗೆ ರಕ್ತ ಹಿಡಿಯುತ್ತಿರಲಿಲ್ಲ. ಎರಡು ಸಲ ಬಸುರಾಗಿ, ಎರಡು ಸಲವೂ ಉಳಿದಿರಲಿಲ್ಲ. ಯಾರೂ ಕಾರಣ ಹೇಳಿರಲಿಲ್ಲ. ಮಾವ ಮಾತ್ರ ಪಟ್ಟು ಬಿಡದೆ ನನ್ನನ್ನು ತಮ್ಮ ಡಾಕ್ಟರ ಮುಂದೆ ಕೂರಿಸಿದರು.

ಡಾಕ್ಟರು, "ಪರೀಕ್ಷೆ ಮಾಡೋಣ. ಆದರೆ ಅದು ಮುಗಿಯೋ ತನಕ ದಿನಾ ಗೋಧಿ ತಿನ್ನಬೇಕು, ಇಲ್ಲದಿದ್ರೆ ಸರಿಯಾಗಿ ಗೊತ್ತಾಗಲ್ಲ" ಎಂದರು. ನಾನೋ, ಮಾವನ ಕಾಟ ತಾಳಲಾರದೆ ಗೋಧಿ ಬಿಟ್ಟು ತಿಂಗಳುಗಳೇ ಆಗಿದ್ದವು! ಮಾವನ ಮುಖ ನೋಡಬೇಕಿತ್ತು.

ಮರುದಿನ ಸಂಜೆ ಅವರು ಗೋಧಿಹಿಟ್ಟಿನ ಪೊಟ್ಟಣ ಹಿಡಿದು ನಮ್ಮ ಮನೆಗೆ ಬಂದರು. ನನಗೆ ಲಟ್ಟಣಿಗೆ ಮುಟ್ಟಲು ಬಿಡದೆ ತಾವೇ ಲಟ್ಟಿಸಿದರು. ಆ ಚಪಾತಿಗಳಿಗೆ ಯಾವ ಆಕಾರವೂ ಇರಲಿಲ್ಲ. ದಿನಾ ಬಂದು ಮಾಡಿದರು.

"ತಿನ್ನು ಮಾರಾಯ್ತಿ, ಇನ್ನೊಂದು ತಿನ್ನು" ಎಂದು ಬಡಿಸಿ, ನಾನು ನುಂಗುವಾಗ ಮುಖ ಆಚೆ ತಿರುಗಿಸುತ್ತಿದ್ದರು.

ಪರೀಕ್ಷೆಗಳೆಲ್ಲ ಮುಗಿದವು. ಕಾರಣ ಗೋಧಿಯೇ ಆಗಿತ್ತು. ಬಿಟ್ಟರೆ ದೇಹ ಸುಧಾರಿಸುತ್ತದೆ, ಮಗುವಿನ ಆಸೆಯನ್ನೂ ಬಿಡಬೇಕಿಲ್ಲ ಎಂದರು ಡಾಕ್ಟರು. ಮಾವನಿಗೆ ಫೋನ್ ಮಾಡಿ, 'ನಾನು ಹೇಳಿರ್ಲಿಲ್ವ' ಎಂಬ ಭಾಷಣಕ್ಕೆ ಕಾದು ಕೂತೆ. ಕೇಳಿಸಿದ್ದು ಒದ್ದೆಯಾದ ದನಿ.

"ಗೋಧಿಯೇ ಆಗಿರ್ಲಿ ಅಂತ ಹರಕೆ ಹೊತ್ತಿದ್ದೆ ಕಣೇ. ಬೇರೆ ಎಂತಾದ್ರೂ ಆಗಿದ್ರೆ ನಂಗೆ ದಾರಿ ಗೊತ್ತಿರ್ಲಿಲ್ಲ."