ಬೂದಿಯೋ, ಮರಳೋ

ಸೌದಿಯ ಅಭಾದ ಗುಡ್ಡಗಳಲ್ಲಿ ಸರ್ವೇ ತಂಡದ ಜೀಪು ಓಡಿಸುವ ನನಗೆ ನಗುವುದಕ್ಕೆ ಬೇರೆ ದಾರಿ ಹುಡುಕಬೇಕಾಗಿಲ್ಲ. ಹಿಂದಿನ ಸೀಟಿನಲ್ಲಿ ನಮ್ಮ ಇಬ್ಬರು ಭೂವಿಜ್ಞಾನಿಗಳು ಕೂತರೆ ಸಾಕು. ಒಬ್ಬರು ನಿವೃತ್ತಿಗೆ ಹತ್ತಿರವಾದ ಭಟ್ಕಳದ ಸಾಹೇಬರು. ಇನ್ನೊಬ್ಬಳು ಅವರ ಕೈಕೆಳಗೆ ಸೇರಿದ ಸೌದಿ ಹುಡುಗಿ, ಡಾಕ್ಟರೇಟ್ ಮಾಡಿದವಳು. ಇವರಿಗೆ ಗುಡ್ಡದಲ್ಲಿ ಹಸಿರು ಪಟ್ಟೆಯ ಬಂಡೆಯೊಂದು ಸಿಕ್ಕಿತ್ತು. ಜ್ವಾಲಾಮುಖಿಯ ಬೂದಿ ಗಟ್ಟಿಯಾದದ್ದು ಎಂದು ಸಾಹೇಬರು. ಅಲ್ಲ, ಸಮುದ್ರದ ತಳದಲ್ಲಿ ಕೂತ ಮರಳು ಎಂದು ಅವಳು. ಸಾಹೇಬರು ಊರಿಗೆ ಹೋಗುವುದರೊಳಗೆ ಇದು ತೀರ್ಮಾನವಾಗಬೇಕಿತ್ತು. ಇಲ್ಲದಿದ್ದರೆ ಅವರ ಕೊನೆಯ ನಕ್ಷೆಯಲ್ಲಿ ಆ ಗುಡ್ಡ ಬಣ್ಣವಿಲ್ಲದೆ ಉಳಿಯುತ್ತಿತ್ತು.

ನೆಕ್ಕಿದ ಕಲ್ಲು

ಒದ್ದೆ ಕಲ್ಲಿನಲ್ಲಿ ಕಣಗಳು ಚೆನ್ನಾಗಿ ಕಾಣುತ್ತವಂತೆ. ಅದಕ್ಕೇ ಇಬ್ಬರೂ ಕಲ್ಲನ್ನು ನೆಕ್ಕಿ, ಮಸೂರ ಹಿಡಿದು ನೋಡುವುದು. ಆಡು ಮೇಯಿಸುತ್ತಿದ್ದ ಮುದುಕನೊಬ್ಬ ಇದನ್ನು ನೋಡಿ ಸರಸರನೆ ಮನೆ ಕಡೆ ಹೋದ. ಸ್ವಲ್ಪ ಹೊತ್ತಿಗೆ ರೊಟ್ಟಿ, ಖರ್ಜೂರ ಹಿಡಿದುಕೊಂಡು ಬಂದ. ಬೇಡವೆಂದರೂ ಬಿಡದೆ ಇಬ್ಬರಿಗೂ ತಿನ್ನಿಸಿದ. ಆಮೇಲೆ ನನ್ನನ್ನು ಬದಿಗೆ ಕರೆದು, "ನೀನು ಮಾತ್ರ ಗುಂಡಗಿದ್ದೀಯಲ್ಲ, ಇವರ ಪಾಲನ್ನೂ ನೀನೇ ತಿನ್ನುವುದಾ?" ಎಂದು ಕೇಳಿದ.

ಮಂಗನ ತೀರ್ಪು

ಇಲ್ಲಿಯ ದೊಡ್ಡ ಮಂಗಗಳಿಗೆ ನಾಚಿಕೆ ಕಡಿಮೆ. ಒಂದು ಮಂಗ ನಮ್ಮ ಕಲ್ಲಿನ ಚೀಲ ಎಳೆದುಕೊಂಡು ಬಂಡೆ ಹತ್ತಿತು. ಕಲ್ಲುಗಳನ್ನು ಒಂದೊಂದಾಗಿ ಮೂಸಿ ಎಸೆಯಿತು.

"ಬೂದಿ ಅಂದರೆ ಅದೂ ಒಪ್ಪುವುದಿಲ್ಲ," ಎಂದಳು ಹುಡುಗಿ.

"ಈಗ ಎಸೆದದ್ದು ನಿನ್ನ ಮರಳು, ಮಗಳೇ."

ಕೊನೆಗೆ ಮಂಗ ಅದೇ ಚೀಲದಲ್ಲಿ ನಾನಿಟ್ಟಿದ್ದ ಊಟದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಮೀನು ಸಾರು ಅನ್ನ ತಿನ್ನತೊಡಗಿತು.

ಸಾಹೇಬರು ಅದನ್ನೇ ನೋಡುತ್ತಾ ನಿಟ್ಟುಸಿರು ಬಿಟ್ಟರು. "ಈ ಗುಡ್ಡದಲ್ಲಿ ಎಂತ ಬೇಕು ಅಂತ ಗೊತ್ತಿರುವುದು ಅವನೊಬ್ಬನಿಗೇ ಮಾರಾಯ."

ಬರೀ ಕಲ್ಲು

ಕೊನೆಗೆ ಕಲ್ಲನ್ನು ತೆಳ್ಳಗೆ ಸೀಳಿಸಿ ಇಬ್ಬರೂ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬೂದಿಯೇ ಹೌದು, ಆದರೆ ಸಮುದ್ರಕ್ಕೆ ಬಿದ್ದು, ಮರಳಿನ ಜೊತೆ ಪದರ ಪದರವಾಗಿ ಕೂತದ್ದು. ನಕ್ಷೆಗೆ ಎರಡು ಬಣ್ಣದ ಪಟ್ಟೆ ಬಿತ್ತು. ಗೆದ್ದದ್ದು ತಾನೇ ಎಂದು ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದರು.

ಸಾಹೇಬರು ಊರಿಗೆ ಹೊರಟ ದಿನ ಅವಳು ಅದೇ ಬಂಡೆಯ ತುಂಡೊಂದನ್ನು ನಯ ಮಾಡಿಸಿ ಕೊಟ್ಟಳು. ಅವರು ಕನ್ನಡಕ ಒರೆಸಿಕೊಂಡು ಅದನ್ನು ಕೈಚೀಲಕ್ಕೆ ಹಾಕಿದರು. ವಿಮಾನ ನಿಲ್ದಾಣದ ಬಾಗಿಲಲ್ಲೇ ತಪಾಸಣೆಯ ಯಂತ್ರ ಅದನ್ನು ತಡೆಯಿತು.

"ಏನಿದು?" ಎಂದ ಅಧಿಕಾರಿ.

"ಜ್ವಾಲಾಮುಖಿಯ ಬೂದಿ," ಎಂದರು ಸಾಹೇಬರು.

"ಸಮುದ್ರದಲ್ಲಿ ಕೂತ ಮೇಲೆ ಅದನ್ನು ಹಾಗೆ ಕರೆಯುವುದಿಲ್ಲ," ಎಂದಳು ಬೀಳ್ಕೊಡಲು ಬಂದವಳು.

ವಾದ ಶುರುವಾಯಿತು. ಹಿಂದೆ ಸಾಲು ಬೆಳೆಯಿತು. ಅಧಿಕಾರಿ ಬೇಸತ್ತು, "ಖಲಾಸ್, ಬರೀ ಕಲ್ಲು. ಯಲ್ಲಾ, ನಡೀರಿ," ಎಂದ.

ಇಬ್ಬರೂ ಒಟ್ಟಿಗೇ ಅವನ ಕಡೆ ತಿರುಗಿದರು. "ಬರೀ ಕಲ್ಲಾ?"

ಅವರು ಒಂದೇ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಬೂದಿ ಹಾರಿದ್ದನ್ನು ಅವರು, ಸಮುದ್ರಕ್ಕೆ ಬಿದ್ದದ್ದನ್ನು ಅವಳು, ಅವನಿಗೆ ಬಿಡಿಸಿ ಹೇಳಿದರು. ಅಧಿಕಾರಿ ಸಾಹೇಬರ ದೊಡ್ಡ ಪೆಟ್ಟಿಗೆಯನ್ನು ಹೆದರಿಕೆಯಿಂದಲೇ ನೋಡಿದ.

"ಅದರಲ್ಲೂ ಕಲ್ಲಾ?"

"ಹೌದು, ಅದು—"

"ಬೇಡ," ಎಂದ. "ಹೇಳಬೇಡಿ. ತೆಗೆದುಕೊಂಡು ಹೋಗಿ."