ಹಾವಿನ ಲಂಗದ ತಾಯಿ

ಜನರನ್ನ ಹೆದರ್ಸೋದೇ ಕೆಲ್ಸ ಅಂದ್ಮೇಲೆ, ಆಗಾಗ ನಾವೂ ಹೆದರ್ಬೇಕಾಗುತ್ತೆ. ನಂದು ಪಾರ್ಕ್‌ಲ್ಯಾಂಡ್ಸ್ ಅನ್ನೋ ಏರಿಯಾದಲ್ಲಿ ಎಸ್ಕೇಪ್ ರೂಮ್ ಕೆಲ್ಸ. ಬಂದೋರನ್ನ ನಕಲಿ ಆಜ್ಟೆಕ್ ಗುಡಿಯೊಳಗೆ ಕೂಡಿಹಾಕ್ತೀವಿ. ಒಗಟು ಬಿಡಿಸಿದ್ರೆ ನಾನು ಹೊರಗಿಂದ ಬಟನ್ ಒತ್ತಿ ಬಾಗಿಲು ತೆಗೀತೀನಿ. ಇಂಜಿನಿಯರಿಂಗ್ ಅರ್ಧಕ್ಕೇ ಬಿಟ್ಟೋನಿಗೆ ಇನ್ನೇನು ಬೇಕು? ಆದ್ರೆ ಫ್ಯಾಕ್ಟರಿ ಮ್ಯಾನೇಜರ್ ಅಪ್ಪ ಹೇಳ್ಬಿಟ್ಟಿದ್ರು: "ಒಂದಿನ ಬಂದು ನೋಡ್ತೀನಿ. ಹುಡುಗಾಟ ಅನ್ನಿಸ್ತೋ, ಮಾರನೇ ದಿನಾನೇ ಕಾಲೇಜು."

ಅಮ್ಮನ ಪೂಜೆ

ಗುಡಿ ಮಧ್ಯೆ ಇರೋದು ಕೋವಾಟ್ಲಿಕ್ವೆ, ಆಜ್ಟೆಕ್ ಜನರ ಭೂತಾಯಿ. ಹಾವುಗಳ ಲಂಗ, ಕೊರಳಲ್ಲಿ ಕೈ, ಹೃದಯ, ಬುರುಡೆ ಪೋಣಿಸಿದ ಹಾರ, ತಲೆ ಇರೋ ಜಾಗದಲ್ಲಿ ಎದುರುಬದುರು ಎರಡು ಹಾವು. ಯಾವ್ದೋ ವಿಡಿಯೋ ಗೇಮ್ ನೋಡ್ಕೊಂಡು ಓನರ್ ಥರ್ಮೋಕೋಲಲ್ಲಿ ಮಾಡ್ಸಿದ್ದು.

ಒಂದಿನ ಅಮ್ಮ ಬಂದ್ರು. ಒಳಗೆ ಕಾಲಿಟ್ಟೋರೇ ಚಪ್ಪಲಿ ಬಿಟ್ರು.

"ಅಮ್ಮಾ, ಬರೀ ಬೊಂಬೆ. ಮೆಕ್ಸಿಕೋದ್ದು."

"ಇರ್ಲಿ ಬಿಡೋ. ಬುರುಡೆ ಹಾಕ್ಕೊಂಡು ಬಂದೋಳನ್ನ ವೀಸಾ ಕೇಳ್ತೀಯೇನೋ?"

ಪರ್ಸಿಂದ ಕುಂಕುಮ ತೆಗೆದು ಬೊಂಬೆಗೆ ಇಟ್ರು. ಕಣ್ಣು ಮುಚ್ಚಿ ಏನೋ ಮಣಮಣ ಅಂದ್ರು. ಹೊರಡ್ತಾ ತಣ್ಣಗೆ ಹೇಳಿದ್ರು: "ಎಬ್ಬಿಸಿದೀನಿ. ಇನ್ಮೇಲೆ ನೀನು ನೋಡ್ಕೋ."

ಅಸ್ಕಾರಿ ಧೈರ್ಯ

ಮಾರನೇ ದಿನ ಒಳಗೆ ಯಾರೂ ಇಲ್ಲ, ಸ್ಪೀಕರಲ್ಲಿ ಯಾರೋ ಉಸಿರಾಡ್ತಿದಾರೆ. ವೈರ್ ಕಿತ್ತೆ. ಆದ್ರೂ ಉಸಿರು. ಕ್ಯಾಮೆರಾ ನೋಡಿದ್ರೆ, ಎದುರುಬದುರು ಇದ್ದ ಎರಡು ಹಾವೂ ಕ್ಯಾಮೆರಾ ಕಡೆ ತಿರುಗಿವೆ.

ಗೇಟಲ್ಲಿದ್ದ ಅಸ್ಕಾರೀನ ಕರ್ದೆ; ಇಲ್ಲಿ ಸೆಕ್ಯುರಿಟಿಯವ್ರನ್ನ ಹಾಗೇ ಕರೆಯೋದು. "ಒಳಗೆ ಯಾರಿದಾರೆ ನೋಡ್ಬಾ."

ಅವ್ನು ಕ್ಯಾಮೆರಾ ನೋಡ್ದ, ನನ್ನ ನೋಡ್ದ. "ಬಾಸ್, ಕಳ್ಳರು ಬಂದ್ರೆ ಹಿಡಿಯೋದು ನನ್ನ ಕೆಲ್ಸ. ಆಯಮ್ಮ ಕಳ್ಳಿ ಅಲ್ಲ, ಮನೆಯೋಳು. ಕಳ್ಳರ ಥರ ಕಾಣ್ತಿರೋದು ನಾವೇ."

ಅಪ್ಪನ ಹರಕೆ

ಶನಿವಾರ ಮಧ್ಯಾಹ್ನ ಅಪ್ಪ ಆಫೀಸಿನವರಿಬ್ಬರನ್ನ ಕಟ್ಕೊಂಡು ಬಂದ್ರು. ದೇವೀನ ಬೆರಳಲ್ಲಿ ತಟ್ಟಿ, "ಟಿವಿ ಪ್ಯಾಕಿಂಗಿಗೆ ಬರೋ ಮಾಲು" ಅಂತ ನಕ್ರು. ಅಲ್ಲಿಗೆ ನನ್ನ ಕೆಲ್ಸ ಹೋಯ್ತು ಅನ್ಕೊಂಡೆ. ಒಗಟೂ ಬೇಗ ಬಿಡಿಸ್ಬಿಟ್ರು. ನಾನು ಬಟನ್ ಒತ್ತಿದೆ.

ಬಾಗಿಲು ತೆಗೀಲಿಲ್ಲ.

"ಲೋ, ತಮಾಷೆ ಸಾಕು!"

"ಅಪ್ಪಾ, ನಾನೇನೂ ಮಾಡ್ತಿಲ್ಲ!" ಅಂತ ಮೈಕಲ್ಲಿ ಕೂಗಿದೆ. ಅದೇ ತಪ್ಪಾಯ್ತು. ಮೂವರೂ ನಿಧಾನಕ್ಕೆ ದೇವಿ ಕಡೆ ತಿರುಗಿದ್ರು. ಒಳಗೆ ಫ್ಯಾನ್ ಇಲ್ಲ, ಕಿಟಕಿ ಇಲ್ಲ. ಲಂಗದ ಹಾವುಗಳು ಮೆತ್ತಗೆ ಅಲ್ಲಾಡ್ತಿದ್ವು.

ಆಫೀಸಿನವರು ಅಪ್ಪನ ಬೆನ್ನ ಹಿಂದೆ. ಅಪ್ಪ ಶೂ ಬಿಚ್ಚಿದ್ರು. ಕೈ ಮುಗಿದ್ರು.

"ತಾಯೀ, ತಟ್ಟಿದ್ದು ತಪ್ಪಾಯ್ತು. ಹೊರಗೆ ಬಿಡು. ಮಗನ್ನ ಕಾಲೇಜಿಗೆ ಕಳ್ಸಲ್ಲ."

ಅಬ್ಬಾ ಅಂತ ನಾನು ಬಟನ್ನಿಂದ ಕೈ ತೆಗ್ದು ಕುಣಿಯೋದ್ರಲ್ಲಿದ್ದೆ. ಅಪ್ಪಂಗೆ ಅಷ್ಟು ಸಾಲ್ದು ಅನ್ನಿಸ್ತೇನೋ, ಇನ್ನೊಂದು ಸೇರಿಸಿದ್ರು: "ಜೀವ ಇರೋವರ್ಗೂ ಇಲ್ಲೇ ನಿನ್ನ ಸೇವೆ ಮಾಡ್ಕೊಂಡಿರ್ತಾನೆ."

ಟಕ್ ಅಂತ ಬಾಗಿಲು ತೆಗೀತು. ಬಟನ್ ನಾನು ಮುಟ್ಟಿರ್ಲಿಲ್ಲ.

ಈಗ ದುಡ್ಡಿರೋರ ಏರಿಯಾ ರುಂಡಾದಲ್ಲಿ ಒಳ್ಳೆ ಕೆಲ್ಸ ಸಿಕ್ಕಿದೆ, ಹೋಗ್ತೀನಿ ಅಂದ್ರೆ ಅಪ್ಪ ಬಿಳಚಿಕೊಂಡು ಅಡುಗೆಮನೆ ಕಡೆ ನೋಡ್ತಾರೆ, ಅಮ್ಮಂಗೆ ಕೇಳಿಸ್ತೇನೋ ಅಂತ. ಆಮೇಲೆ ಪಿಸುಗುಡ್ತಾರೆ:

"ನನ್ನನ್ನ ಯಾಕೋ ಕೇಳ್ತೀಯ? ರಜಾ ಕೊಡೋಳು ಆ ಹಾವಿನ ಲಂಗದೋಳು."